ಸಮಾ ಮಹಫಿಲ್, ದಖ್ಖನಿ ಭಾಷೆ ಮತ್ತು ನಮ್ಮ ಊರು



ಒಂದು ಮಧ್ಯಾಹ್ನ, ಊಟದ ಬಿಡುವಿನ ನಂತರದ ಮೊದಲ ಪೀರಿಯಡ್. ಒಂಬತ್ತನೇ ತರಗತಿಯ ಮಕ್ಕಳಿಗೆ ಅಮೀರ್ ಖುಸ್ರೊ ಅವರ ವಿಷಯ ಹೇಳುತ್ತಿದ್ದೆ. ಪಾಠಕ್ಕೆ ಜೀವ ಬರಲಿ ಎಂದು ಮೊಬೈಲಿನಲ್ಲಿ ಒಂದು ಕವ್ವಾಲಿ ಕೇಳಿಸಿದೆ. ಹಾರ್ಮೋನಿಯಂ, ಢೋಲಕ್, ಚಪ್ಪಾಳೆ ಎಲ್ಲವೂ ಕೂಡಿ ಬಂದಾಗ, ತೂಕಡಿಸುತ್ತಿದ್ದ ಮಕ್ಕಳೆಲ್ಲ ನೆಟ್ಟಗೆ ಕುಳಿತರು. ಹಾಡು ಮುಗಿಯುತ್ತಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇದು ಲವ್ ಸಾಂಗ್ ಅಲ್ವಾ? ಇದನ್ನ ದರ್ಗಾದಲ್ಲಿ ಯಾಕೆ ಹಾಡ್ತಾರೆ?” ಎಂದ. ಅವನ ಪಕ್ಕದವನು, “ವಾದ್ಯ ಬಾರಿಸೋದು ಸರಿಯಲ್ಲ ಅಂತ ನಮ್ಮನೇಲಿ ಹೇಳ್ತಾರೆ ಸರ್” ಎಂದ. ಈ ಕಡೆ ಕುಳಿತಿದ್ದ ಹುಡುಗಿಯೊಬ್ಬಳು ಮೆಲ್ಲಗೆ, “ಇದು ಪುಸ್ತಕದ ಉರ್ದು ಥರ ಇಲ್ಲ ಸರ್, ನಮ್ಮಜ್ಜಿ ಮಾತಾಡೋ ಥರ ಇದೆ” ಎಂದಳು.

ಮೂರೂ ಒಳ್ಳೆಯ ಪ್ರಶ್ನೆಗಳೇ. ಪ್ರಿಯತಮ ಯಾರು? ವಾದ್ಯ ಸರಿಯೇ ತಪ್ಪೇ? ಯಾವ ಭಾಷೆಯಲ್ಲಿ ಹಾಡಬೇಕು? ನಮ್ಮ ಹಿರಿಯರು ಎಂಟು ನೂರು ವರ್ಷಗಳಿಂದ ಇವೇ ಪ್ರಶ್ನೆಗಳನ್ನು ಕೇಳುತ್ತ, ಉತ್ತರಿಸುತ್ತ, ಕೆಲವೊಮ್ಮೆ ಜಗಳವಾಡುತ್ತ ಬಂದಿದ್ದಾರೆ. ಅಂದು ನಲವತ್ತು ನಿಮಿಷಗಳಲ್ಲಿ ಹೇಳಲಾಗದೇ ಉಳಿದದ್ದನ್ನು ಈ ಸಂಚಿಕೆಯ ಮೂಲಕ ನಿಮ್ಮ ಮುಂದಿಡುತ್ತಿದ್ದೇನೆ. ಮೂರನೆಯ ಪ್ರಶ್ನೆ ನನ್ನ ಸ್ವಂತ ಮನೆಗೂ ಸೇರಿದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸಮಾ ಎಂದರೇನು?

‘ಸಮಾ’ ಎಂಬ ಅರಬ್ಬಿ ಪದಕ್ಕೆ ‘ಕೇಳುವುದು’ ಎಂದು ಅರ್ಥ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಾವು ಸಾಮಾನ್ಯವಾಗಿ ಸಂಗೀತ ಸಭೆಯನ್ನು ಹಾಡುವವರ ಹೆಸರಿನಿಂದ ಕರೆಯುತ್ತೇವೆ. ಸೂಫಿಗಳು ತಮ್ಮ ಸಭೆಗೆ ಕೇಳುವವನ ಕೆಲಸದ ಹೆಸರನ್ನು ಇಟ್ಟರು. ಹಾಡುವವನ ಕಂಠ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ, ಕೇಳುವವನ ಮನಸ್ಸು ಯಾವ ಕಡೆ ತಿರುಗಿದೆ ಎನ್ನುವುದೇ ಅಲ್ಲಿ ಮುಖ್ಯ.

ಇಂದಿಗೂ ಉರುಸಿನ ಮಹಫಿಲಿನಲ್ಲಿ ಈ ಕ್ರಮವನ್ನು ಕಾಣಬಹುದು. ಮೊದಲು ಅಲ್ಲಾಹನ ಸ್ತುತಿಯಾದ ಹಮ್ದ್, ಅನಂತರ ಪ್ರವಾದಿಯವರ ಪ್ರಶಂಸೆಯ ನಾತ್, ಬಳಿಕ ಸಂತರ ಗುಣಗಾನದ ಮನ್ಕಬತ್, ಆಮೇಲೆ ಪ್ರೇಮದ ಗಜಲುಗಳು. ಕವ್ವಾಲನು ಸಭೆಯ ಹಿರಿಯರ ಮುಖವನ್ನೇ ನೋಡುತ್ತಿರುತ್ತಾನೆ. ಯಾವ ಸಾಲಿಗೆ ಒಬ್ಬ ಕೇಳುಗನ ಕಣ್ಣು ತುಂಬಿತೋ, ಆ ಸಾಲನ್ನು ಬಿಟ್ಟು ಅವನು ಮುಂದೆ ಹೋಗುವುದಿಲ್ಲ. ಅದನ್ನೇ ಹತ್ತು ಸಲ, ಇಪ್ಪತ್ತು ಸಲ ಹಾಡುತ್ತಾನೆ. ಕೇಳುಗನಲ್ಲಿ ಉಂಟಾಗುವ ಆ ತನ್ಮಯತೆಗೆ ‘ಹಾಲ್’ ಅಥವಾ ‘ವಜ್ದ್’ ಎನ್ನುತ್ತಾರೆ. ಮೆಚ್ಚಿದವರು ಕೊಡುವ ನಜರಾನೆ ಸಭೆಯ ಹಿರಿಯರ ಮೂಲಕ ಕವ್ವಾಲರಿಗೆ ತಲುಪುವುದು ವಾಡಿಕೆ. ಹೊರಗಿನಿಂದ ನೋಡಿದರೆ ಗದ್ದಲದಂತೆ ಕಾಣುವ ಈ ಸಭೆಗೆ ಒಳಗಿನಿಂದ ಬಿಗಿಯಾದ ಶಿಸ್ತು ಇದೆ.

ಪ್ರಿಯತಮ ಯಾರು?

ಈಗ ಹುಡುಗನ ಮೊದಲ ಪ್ರಶ್ನೆಗೆ ಬರೋಣ. ಎಂಟನೇ ಶತಮಾನದಲ್ಲಿ ಬಸ್ರಾ ನಗರದಲ್ಲಿದ್ದ ಹಜರತ್ ರಾಬಿಯಾ ಎಂಬ ಮಹಿಳಾ ಸಂತರ ಬೋಧನೆ ಹೀಗಿತ್ತು: ನರಕದ ಭಯದಿಂದ ಮಾಡುವ ಆರಾಧನೆಗಿಂತ, ಸ್ವರ್ಗದ ಆಸೆಯಿಂದ ಮಾಡುವ ಆರಾಧನೆಗಿಂತ, ಬರಿಯ ಪ್ರೀತಿಯಿಂದ ಮಾಡುವ ಆರಾಧನೆ ಮೇಲು. ಭಯ ಮತ್ತು ಆಸೆಗಳ ಜಾಗದಲ್ಲಿ ಪ್ರೀತಿಯನ್ನು ಕೂರಿಸಿದ ಮೇಲೆ, ಅದನ್ನು ಹೇಳಲು ಪ್ರೀತಿಯ ಭಾಷೆಯೇ ಬೇಕಾಯಿತು. ಜನರಿಗೆ ಗೊತ್ತಿದ್ದ ಪ್ರೀತಿಯ ಮಾತುಗಳೆಂದರೆ ವಿರಹ, ಕಾಯುವಿಕೆ, ಮಿಲನ. ಸೂಫಿ ಕವಿಗಳು ಅವನ್ನೇ ಎತ್ತಿಕೊಂಡರು. ಮನುಷ್ಯ ಮನುಷ್ಯನನ್ನು ಪ್ರೀತಿಸುವುದು ‘ಇಶ್ಕೆ ಮಜಾಜಿ’, ದೇವರನ್ನು ಪ್ರೀತಿಸುವುದು ‘ಇಶ್ಕೆ ಹಕೀಕಿ’. ಮೊದಲನೆಯದು ಎರಡನೆಯದಕ್ಕೆ ಹೊಸ್ತಿಲು ಎಂದು ಅವರು ತಿಳಿದರು.

ಮೌಲಾನಾ ಜಲಾಲುದ್ದೀನ್ ರೂಮಿ (1207-1273) ತಮ್ಮ ಮಸ್ನವಿಯನ್ನು ಆರಂಭಿಸುವುದೇ ಕೊಳಲಿನ ಅಳಲಿನಿಂದ. ಬಿದಿರು ಮೆಳೆಯಿಂದ ಬೇರ್ಪಟ್ಟಂತೆ ಆತ್ಮವು ತನ್ನ ಮೂಲದಿಂದ ಬೇರ್ಪಟ್ಟಿದೆ ಎಂಬುದು ಅದರ ಭಾವ. ಸಂತರು ತೀರಿಕೊಂಡ ದಿನವನ್ನು ನಾವು ‘ಉರುಸು’ ಎನ್ನುತ್ತೇವಲ್ಲ, ಆ ಪದದ ಅರ್ಥ ಮದುವೆ. ಸಾವು ಎಂದರೆ ಪ್ರಿಯನೊಡನೆ ಸೇರುವುದು ಎಂದು ನಂಬಿದವರು ಮಾತ್ರ ಆ ಹೆಸರು ಇಡಬಲ್ಲರು.

ಕನ್ನಡ ಓದುವ ಮಕ್ಕಳಿಗೆ ಇದು ಹೊಸದೇನಲ್ಲ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದದ್ದನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಅಕ್ಕನ ವಚನವನ್ನು ಓದುವಾಗ ‘ಇದು ಲವ್ ಸಾಂಗ್’ ಎಂದು ಯಾರೂ ನಗುವುದಿಲ್ಲ. ಅದೇ ಗೌರವದಿಂದ ಗಜಲನ್ನೂ ಕೇಳಿದರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ.

ವಾದ್ಯದ ವಿಚಾರ

ಎರಡನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ಸರಿ ತಪ್ಪಿನ ತೀರ್ಪು ಕೊಡುವುದು ಉಲೇಮಾಗಳ ಕೆಲಸ, ನನ್ನಂಥ ಶಾಲಾ ಶಿಕ್ಷಕನದಲ್ಲ. ಆದರೆ ಇತಿಹಾಸ ಏನು ಹೇಳುತ್ತದೆ ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ. ಈ ಚರ್ಚೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಹನ್ನೊಂದನೇ ಶತಮಾನದಲ್ಲಿ ಲಾಹೋರಿನಲ್ಲಿ ನೆಲೆಸಿದ ಹಜರತ್ ಅಲಿ ಹುಜ್ವೀರಿ ತಮ್ಮ ‘ಕಶ್ಫುಲ್ ಮಹಜೂಬ್’ ಗ್ರಂಥದ ಕೊನೆಯಲ್ಲಿ ಸಮಾ ಕುರಿತು ವಿವರವಾಗಿ ಬರೆದರು. ಇಮಾಮ್ ಗಜಾಲಿ (1058-1111) ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಸಮಾ ಮತ್ತು ವಜ್ದ್‌ಗೆಂದೇ ಒಂದು ಭಾಗವನ್ನು ಮೀಸಲಿಟ್ಟು, ಕೇಳುವವನ ಸ್ಥಿತಿಯನ್ನು ನೋಡಿ ನಿರ್ಣಯಿಸಬೇಕೆಂದು ವಾದಿಸಿದರು. ಮುಂದಿನ ಶತಮಾನದಲ್ಲಿ ಬಾಗ್ದಾದಿನ ಇಬ್ನುಲ್ ಜೌಜಿ ಇದನ್ನು ಕಟುವಾಗಿ ಟೀಕಿಸಿದರು. ಅಂದರೆ ಎರಡೂ ಕಡೆ ದೊಡ್ಡ ವಿದ್ವಾಂಸರೇ ಇದ್ದರು.

ನಮ್ಮ ದೇಶದಲ್ಲಿ ಚಿಶ್ತಿ ಸಿಲ್ಸಿಲೆಯವರು ಸಮಾವನ್ನು ಬಹಳವಾಗಿ ಪ್ರೀತಿಸಿದರು. ದೆಹಲಿಯ ಹಜರತ್ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ 1235ರಲ್ಲಿ ಸಮಾ ಕೇಳುತ್ತಲೇ ಒಂದು ದ್ವಿಪದಿಯ ಭಾವದಲ್ಲಿ ಮುಳುಗಿ ಪ್ರಾಣ ಬಿಟ್ಟರೆಂದು ಚಿಶ್ತಿ ಪರಂಪರೆ ಹೇಳುತ್ತದೆ. ಹಜರತ್ ನಿಜಾಮುದ್ದೀನ್ ಔಲಿಯಾ ಅವರು ಸಮಾಕ್ಕೆ ನಾಲ್ಕು ಷರತ್ತು ಹಾಕಿದರು. ಹಾಡುವವನು ಪ್ರಬುದ್ಧನಾಗಿರಬೇಕು. ಕೇಳುವವನ ಮನಸ್ಸಿನಲ್ಲಿ ದೇವರ ನೆನಪಿರಬೇಕು. ಹಾಡಿನಲ್ಲಿ ಅಶ್ಲೀಲವಾಗಲಿ ಹಾಸ್ಯವಾಗಲಿ ಇರಬಾರದು. ನಾಲ್ಕನೆಯದು ವಾದ್ಯಕ್ಕೆ ಸಂಬಂಧಿಸಿದ್ದು: ಚಂಗ್, ರಬಾಬ್‌ನಂಥ ತಂತಿವಾದ್ಯಗಳು ಇರಬಾರದು. ಇಂದು ಅವರ ಹೆಸರಿನಲ್ಲೇ ಹಾರ್ಮೋನಿಯಂ ಜೊತೆ ಕವ್ವಾಲಿ ಹಾಡುವವರಲ್ಲಿ ಬಹಳ ಮಂದಿಗೆ ಈ ವಿಷಯ ತಿಳಿದಿರುವುದಿಲ್ಲ. ಹಾರ್ಮೋನಿಯಂ ಅಂತೂ ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಿಂದ ಬಂದದ್ದು.

ಇಷ್ಟೆಲ್ಲ ಎಚ್ಚರಿಕೆ ಇದ್ದರೂ ಸುಲ್ತಾನ್ ಗಿಯಾಸುದ್ದೀನ್ ತುಘಲಕ್ (ಆಳ್ವಿಕೆ 1320-1325) ಆಸ್ಥಾನದಲ್ಲಿ ಸಮಾ ವಿಷಯವಾಗಿ ಒಂದು ದೊಡ್ಡ ವಿಚಾರಣಾ ಸಭೆ ನಡೆದು, ಆ ವೃದ್ಧ ಸಂತರು ಉಲೇಮಾಗಳ ಮುಂದೆ ಉತ್ತರ ಹೇಳಬೇಕಾಯಿತು. ಇನ್ನು ಖಾದ್ರಿ ಸಿಲ್ಸಿಲೆಯವರು ಸಾಮಾನ್ಯವಾಗಿ ಜಿಕ್ರ್‌ಗೆ ಹೆಚ್ಚಿನ ಮಹತ್ವ ಕೊಟ್ಟರು, ನಕ್ಷ್‌ಬಂದಿಗಳು ಮೌನ ಜಿಕ್ರ್‌ಗೆ. ಆದ್ದರಿಂದ ಆ ಹುಡುಗನಿಗೆ ನಾನು ಹೇಳಿದ ಉತ್ತರ ಇಷ್ಟೇ: “ನಿಮ್ಮ ಮನೆಯವರು ಹೇಳುವುದಕ್ಕೂ ಇತಿಹಾಸವಿದೆ, ಹಾಡುವವರಿಗೂ ಇತಿಹಾಸವಿದೆ. ಎರಡನ್ನೂ ತಿಳಿದು ಆಮೇಲೆ ಮಾತನಾಡು.”

ದಖ್ಖನಿಗೆ ಬಂದ ಹಾಡು

1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್ ದೇವಗಿರಿಯನ್ನು ದೌಲತಾಬಾದ್ ಎಂದು ಕರೆದು ತನ್ನ ರಾಜಧಾನಿ ಮಾಡಿಕೊಂಡನು. ದೆಹಲಿಯ ಗಣ್ಯರ ಜೊತೆ ಸೂಫಿಗಳೂ ದಕ್ಷಿಣಕ್ಕೆ ಬಂದರು. ನಿಜಾಮುದ್ದೀನರ ಶಿಷ್ಯರಾದ ಹಜರತ್ ಬುರ್ಹಾನುದ್ದೀನ್ ಗರೀಬ್ ಅವರಲ್ಲೊಬ್ಬರು. ಅವರಿಗೆ ಸಮಾದ ಮೇಲೆ ಅಪಾರ ಪ್ರೀತಿ. ಅವರ ಸಮಾಧಿ ಖುಲ್ದಾಬಾದಿನಲ್ಲಿದೆ. ಹೀಗೆ ಬಂದವರಲ್ಲಿ ಒಬ್ಬ ಪುಟ್ಟ ಬಾಲಕನೂ ಇದ್ದ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದ ಸೈಯದ್ ಮುಹಮ್ಮದ್ ಹುಸೇನಿ. ಇವರೇ ಮುಂದೆ ನಾವೆಲ್ಲ ಭಕ್ತಿಯಿಂದ ನೆನೆಯುವ ಖ್ವಾಜಾ ಬಂದೇನವಾಜ್ ಗೇಸುದರಾಜ್.

ತಂದೆಯ ಮರಣದ ನಂತರ ದೆಹಲಿಗೆ ಮರಳಿ, ಹಜರತ್ ನಸೀರುದ್ದೀನ್ ಚಿರಾಗ್ ದೆಹಲಿ ಅವರ ಶಿಷ್ಯರಾಗಿ, ದಶಕಗಳ ಕಾಲ ಅಲ್ಲಿಯೇ ಬೋಧಿಸಿದರು. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, ಎಂಬತ್ತರ ಸಮೀಪದ ವಯಸ್ಸಿನಲ್ಲಿ, ಗುಜರಾತಿನ ಮಾರ್ಗವಾಗಿ ಕಲಬುರಗಿಗೆ ಬಂದರು. ಬಹಮನಿ ಸುಲ್ತಾನ ಫಿರೋಜ್ ಷಾ ಆದರದಿಂದ ಸ್ವಾಗತಿಸಿದನಾದರೂ ಕಾಲಕ್ರಮೇಣ ಇಬ್ಬರ ಸಂಬಂಧ ಕೆಟ್ಟು, ಕೋಟೆಯ ಬಳಿಯಿದ್ದ ಖಾನ್‌ಕಾಹನ್ನು ಬಿಟ್ಟು ದೂರ ಹೋಗಬೇಕಾಯಿತು. 1422ರಲ್ಲಿ ಅವರು ತೀರಿಕೊಂಡರು. ಅವರ ಉರುಸಿಗೆ ಎಲ್ಲ ಜಾತಿ ಮತಗಳ ಜನ ಸೇರುವುದು ನಿಮಗೆಲ್ಲ ತಿಳಿದದ್ದೇ.

ನಮ್ಮ ವಿಷಯಕ್ಕೆ ಬೇಕಾದದ್ದು ಅವರ ಒಂದು ಅಭಿಪ್ರಾಯ. ಅವರ ಮಗ ಸಂಗ್ರಹಿಸಿದ ಸಂಭಾಷಣೆಗಳ ಗ್ರಂಥ ‘ಜವಾಮಿಉಲ್ ಕಲಿಮ್’ನಲ್ಲಿ ಈ ಮಾತು ಬರುತ್ತದೆ. ಪ್ರತಿಯೊಂದು ಭಾಷೆಗೂ ಅದರದೇ ಗುಣವಿದೆ, ಆದರೆ ಹಿಂದವಿಯ ಹಾಡು ಮೃದುವಾದುದು, ಹೃದಯವನ್ನು ಬೇಗ ಕರಗಿಸುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಅರಬ್ಬಿ, ಪಾರಸಿಗಳಲ್ಲಿ ಗ್ರಂಥ ಬರೆದ ದೊಡ್ಡ ಪಂಡಿತರು ಜನರಾಡುವ ಮಾತಿನ ಬಗ್ಗೆ ಹೀಗೆ ಹೇಳಿದರು. ‘ಮಿರಾಜುಲ್ ಆಶಿಕೀನ್’ ಎಂಬ ದಖ್ಖನಿ ಗದ್ಯ ಕೃತಿಯನ್ನು ಅವರೇ ಬರೆದರೆಂದು ನಮ್ಮ ತಲೆಮಾರಿನವರು ಓದಿದ್ದೆವು. ಅದು ಬಹಳ ನಂತರದ ಕಾಲದ್ದೆಂದು ಸಂಶೋಧಕರು ಆಮೇಲೆ ತೋರಿಸಿಕೊಟ್ಟರು. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಅವರ ನಂತರ ಬಿಜಾಪುರದಲ್ಲಿ ಷಾಹ್ ಮೀರಾಂಜಿ ಶಂಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ದಖ್ಖನಿಯಲ್ಲಿಯೇ ಬರೆದರು. ಅರಬ್ಬಿ ಪಾರಸಿ ಬಾರದ ಜನರಿಗಾಗಿ ಬರೆಯುತ್ತಿದ್ದೇವೆ, ಭಾಷೆಯನ್ನು ನೋಡಬೇಡಿ ಅರ್ಥವನ್ನು ನೋಡಿ ಎಂಬುದು ಅವರ ಸಮರ್ಥನೆ. ಎರಡನೇ ಇಬ್ರಾಹಿಂ ಆದಿಲ್ ಷಾ (ಆಳ್ವಿಕೆ 1580-1627) ದಖ್ಖನಿಯಲ್ಲಿ ‘ಕಿತಾಬೆ ನೌರಸ್’ ಎಂಬ ಹಾಡುಗಳ ಗ್ರಂಥವನ್ನೇ ರಚಿಸಿ, ಹಾಡುಗಳನ್ನು ರಾಗಗಳ ಹೆಸರಿನಡಿ ಜೋಡಿಸಿದ. ಅದರಲ್ಲಿ ಸರಸ್ವತಿಯನ್ನೂ ಬಂದೇನವಾಜರನ್ನೂ ಸ್ಮರಿಸಿದ್ದಾನೆ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಪ್ರೀತಿಸಿದ ಅರಸ ಆತ.

ಆದರೆ ಈ ಹಾಡು ನಿಜವಾಗಿ ಉಳಿದದ್ದು ಅರಮನೆಯಲ್ಲಲ್ಲ, ಅಡುಗೆಮನೆಯಲ್ಲಿ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಸೂಫಿಗಳು ಹೆಂಗಸರ ಕೆಲಸದ ಹಾಡುಗಳ ಮಟ್ಟಿನಲ್ಲಿ ಸಣ್ಣ ಸಣ್ಣ ಪದ್ಯಗಳನ್ನು ಕಟ್ಟಿಕೊಟ್ಟರು. ಹಿಟ್ಟು ಬೀಸುವಾಗ ಹಾಡುವುದು ‘ಚಕ್ಕಿನಾಮಾ’, ನೂಲುವಾಗ ‘ಚರಖಾನಾಮಾ’, ಮಗುವನ್ನು ತೂಗುವಾಗ ‘ಲೋರಿನಾಮಾ’. ಚಕ್ಕಿನಾಮಾದಲ್ಲಿ ಬೀಸುಕಲ್ಲಿನ ನೆಟ್ಟಗಿನ ಗೂಟ ‘ಅಲಿಫ್’ ಅಕ್ಷರವಾಗುತ್ತದೆ, ಅಂದರೆ ಅಲ್ಲಾಹನ ಹೆಸರಿನ ಮೊದಲ ಅಕ್ಷರ. ಶಾಲೆ, ಮದರಸಾ ಕಾಣದ ಹೆಂಗಸರು ಹೀಗೆ ಕೆಲಸ ಮಾಡುತ್ತಲೇ ಧರ್ಮದ ತಿರುಳನ್ನು ಕಲಿತು ಮಕ್ಕಳಿಗೆ ಕಲಿಸಿದರು. ನಮ್ಮ ಕಡೆಯ ರಾಗಿ ಬೀಸುವ ಪದಗಳನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಇದೇ ಕೆಲಸ ಮಾಡಿದವರು ಶಿಶುನಾಳ ಷರೀಫರು (1819-1889). ಇಮಾಮ್ ಸಾಹೇಬರ ಮಗನಾಗಿ ಹುಟ್ಟಿ, ಕೆಲಕಾಲ ನನ್ನ ಹಾಗೆಯೇ ಶಾಲಾ ಶಿಕ್ಷಕರಾಗಿದ್ದು, ಕಳಸದ ಗೋವಿಂದ ಭಟ್ಟರ ಶಿಷ್ಯರಾದವರು. ಮನೆ, ಕೊಡ, ಬಿತ್ತನೆ ಮುಂತಾದ ದಿನನಿತ್ಯದ ಮಾತುಗಳಲ್ಲೇ ಆತ್ಮದ ವಿಚಾರ ಹೇಳಿದರು. ಮೊಹರಂ ಸಮಯದಲ್ಲಿ ಹಾಡುವ ಪದಗಳನ್ನೂ ರಚಿಸಿದರು. ಇಂದು ಸಿ. ಅಶ್ವಥ್ ಅವರ ಸಂಗೀತದ ಮೂಲಕ ಆ ಪದಗಳು ಕನ್ನಡಿಗರೆಲ್ಲರ ಮನೆ ತಲುಪಿವೆ.

ಚನ್ನಪಟ್ಟಣದ ತಂತಿ

“ಇದೆಲ್ಲ ಕಲಬುರಗಿ ಬಿಜಾಪುರದ ಮಾತಾಯಿತು, ನಮ್ಮ ಊರಿಗೂ ಇದಕ್ಕೂ ಏನು ಸಂಬಂಧ?” ಎಂದು ನೀವು ಕೇಳಬಹುದು. ಸಂಬಂಧವಿದೆ.

ಚನ್ನಪಟ್ಟಣ ಎಂದರೆ ಇಂದು ಎಲ್ಲರಿಗೂ ಬೊಂಬೆಯ ಊರು. ಆಲೆ ಮರ, ಬಣ್ಣದ ಅರಗು, ತಿರುಗಣಿ ಇವೇ ನೆನಪಿಗೆ ಬರುತ್ತವೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈ ದಾರಿಯಾಗಿ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ನಮ್ಮ ಚನ್ನಪಟ್ಟಣದ ಬಗ್ಗೆ ಬರೆದದ್ದೇ ಬೇರೆ. ಇಲ್ಲಿ ಗಾಜಿನ ಸಾಮಾನು ತಯಾರಾಗುತ್ತದೆ, ಜೊತೆಗೆ ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯೂ ತಯಾರಾಗುತ್ತದೆ, ಆ ತಂತಿಗೆ ಒಳ್ಳೆಯ ಹೆಸರಿದ್ದು ಭಾರತದ ದೂರ ದೂರದ ಭಾಗಗಳಿಗೆ ಹೋಗುತ್ತದೆ ಎಂದು ಆತ ದಾಖಲಿಸಿದ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಬಿ.ಎಲ್. ರೈಸ್ ಅವರು ಬರೆದ ಮೈಸೂರು ಗೆಜೆಟಿಯರ್‌ನಲ್ಲಿಯೂ ಅರಗಿನ ಸಾಮಾನಿನ ಜೊತೆಗೆ ಈ ತಂತಿಯ ಹೆಸರಿದೆ.

ವಾದ್ಯದ ತಂತಿ ಮಾಡುವುದು ಸುಲಭದ ಕೆಲಸವಲ್ಲ. ಉಕ್ಕನ್ನು ಕಾಯಿಸಿ ಬಡಿದು ತೆಳ್ಳಗೆ ಮಾಡಿ, ಒಂದಕ್ಕಿಂತ ಒಂದು ಸಣ್ಣದಾದ ತೂತುಗಳಲ್ಲಿ ಎಳೆಯುತ್ತ ಹೋಗಬೇಕು. ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆದರೆ ಸ್ವರ ನಿಲ್ಲುವುದಿಲ್ಲ. ಉಕ್ಕಿನ ಹದ ತಪ್ಪಿದರೆ ಶ್ರುತಿಗೆ ಬಿಗಿಯುವಾಗಲೇ ತುಂಡಾಗುತ್ತದೆ. ಬೆಂಕಿಯ ಮುಂದೆ ಕುಳಿತು ಈ ಕೆಲಸ ಮಾಡಿದವರ ಹೆಸರು ಯಾವ ತಂಬೂರಿಯ ಮೇಲೂ ಬರೆದಿಲ್ಲ. ಆ ತಂತಿ ದೂರದ ಯಾವ ವೀಣೆಗೆ, ಯಾವ ಸಿತಾರಿಗೆ ಹೋಯಿತೋ, ಯಾರ ಭಜನೆಗೆ ಯಾರ ಗಜಲಿಗೆ ಶ್ರುತಿ ಕೊಟ್ಟಿತೋ, ಅದೂ ಎಲ್ಲಿಯೂ ಬರೆದಿಲ್ಲ.

ಅದೇ ಗೆಜೆಟಿಯರ್ ಚನ್ನಪಟ್ಟಣದ ಎರಡು ದೊಡ್ಡ ಗೋರಿಗಳನ್ನೂ ಹೆಸರಿಸುತ್ತದೆ. ಒಂದು ಹಜರತ್ ಅಕಿಲ್ ಷಾ ಖಾದ್ರಿಯವರದು. ಟಿಪ್ಪು ಸುಲ್ತಾನರು ತಮ್ಮ ಮನೆತನದ ಗುರುಗಳ ನೆನಪಿಗಾಗಿ ಕಟ್ಟಿಸಿದ್ದು. ಇನ್ನೊಂದು ಬೆಂಗಳೂರಿನ ಕಮಾಂಡೆಂಟ್ ಆಗಿದ್ದ ಸೈಯದ್ ಇಬ್ರಾಹಿಂ ಅವರದು. ಯುದ್ಧ ಕೈದಿಗಳನ್ನು ಮಾನವೀಯತೆಯಿಂದ ನಡೆಸಿಕೊಂಡ ಕಾರಣಕ್ಕೆ ಅವರ ಹೆಸರು ಉಳಿಯಿತು. ಒಬ್ಬ ಗುರು, ಒಬ್ಬ ದಯಾಳು ಅಧಿಕಾರಿ, ಜೊತೆಗೆ ಹೆಸರಿಲ್ಲದ ತಂತಿ ಕೆಲಸಗಾರರು. ಇಷ್ಟು ಇರುವ ಊರಿನ ಮಕ್ಕಳು ‘ನಮಗೆ ಇತಿಹಾಸವಿಲ್ಲ’ ಎಂದುಕೊಳ್ಳಬಾರದು.

ದಾದಿಯ ಹಾಡು

ಇನ್ನು ಉಳಿದದ್ದು ಆ ಹುಡುಗಿಯ ಮಾತು. ಅದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ.

ನಾನು ಬೆಳೆದದ್ದು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ. ನಮ್ಮ ದಾದಿಗೆ ಅಕ್ಷರ ಬಾರದು. ಮಧ್ಯಾಹ್ನದ ನಮಾಜು ಮುಗಿಸಿ ಹಜಾರದಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ರಾಗಿ ಬೀಸುತ್ತ ಹಾಡುತ್ತಿದ್ದರು. ಆ ಹಾಡಿನಲ್ಲಿ ‘ಪಿಯಾ’ ಎಂಬ ಪದ ಮತ್ತೆ ಮತ್ತೆ ಬರುತ್ತಿತ್ತು. ಪಿಯಾ ಎಂದರೆ ದಾದಾ ಎಂದು ನಾನು ತಿಳಿದಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ. ಅವರು ನಕ್ಕು, “ಬಡಾ ಹುಯೇ ಬಾದ್ ಸಮಜ್ ಮೇ ಆತಾ ಬೇಟಾ” ಎಂದರು. ದೊಡ್ಡವನಾದ ಮೇಲೆ ತಿಳಿಯುತ್ತದೆ ಎಂದರ್ಥ.

ದೊಡ್ಡವನಾದೆ. ಉರ್ದು ಓದಿದೆ, ಬಿ.ಎಡ್. ಮಾಡಿದೆ. ತಿಳಿವಳಿಕೆ ಬಂತೋ ಇಲ್ಲವೋ, ತಿದ್ದುವ ಚಟ ಮಾತ್ರ ಬಂತು. ದಾದಿ ಅವರೆಕಾಯಿ ಸುಲಿಯುತ್ತ ಹಾಡಿನಲ್ಲಿ ‘ಬಾತಾಂ’ ಎಂದರೆ, “ದಾದಿ, ಬಾತಾಂ ಅಲ್ಲ, ಬಾತೇಂ ಅನ್ನಬೇಕು. ನಿಮ್ಮ ಉರ್ದು ತಪ್ಪು” ಎನ್ನುತ್ತಿದ್ದೆ. ಎರಡು ಮೂರು ಸಲ ಹೀಗೆ ಆದ ಮೇಲೆ ಅವರು ನನ್ನ ಮುಂದೆ ಹಾಡುವುದನ್ನು ನಿಲ್ಲಿಸಿಬಿಟ್ಟರು. ಜಗಳವಾಡಲಿಲ್ಲ, ಬೇಸರ ತೋರಿಸಲಿಲ್ಲ. ನಾನು ಒಳಗೆ ಬಂದರೆ ಹಾಡು ನಿಲ್ಲುತ್ತಿತ್ತು, ಅಷ್ಟೇ. ಎರಡು ವರ್ಷಗಳ ನಂತರ ತೀರಿಕೊಂಡರು.

ಆಮೇಲೆ ದಖ್ಖನಿ ಸಾಹಿತ್ಯದ ಚರಿತ್ರೆ ಓದುವಾಗ ಒಂದು ಪುಟದಲ್ಲಿ ನನ್ನ ಕಣ್ಣು ನಿಂತಿತು. ದಖ್ಖನಿಯಲ್ಲಿ ಬಹುವಚನಕ್ಕೆ ‘ಆಂ’ ಪ್ರತ್ಯಯ ಸೇರುತ್ತದೆ, ಲೋಗಾಂ, ಬಾತಾಂ ಎಂಬ ರೂಪಗಳು ಬಿಜಾಪುರ, ಗೋಲ್ಕೊಂಡಗಳ ಹಳೆಯ ಕಾವ್ಯಗಳಲ್ಲಿ ಸಾಮಾನ್ಯವಾಗಿ ಕಾಣುತ್ತವೆ ಎಂದು ಬರೆದಿತ್ತು. ದಾದಿಯ ಉರ್ದು ತಪ್ಪಾಗಿರಲಿಲ್ಲ. ನಾನು ಕಲಿತ ಪುಸ್ತಕದ ಉರ್ದುವಿಗಿಂತ ಹಳೆಯದಾಗಿತ್ತು. ಸುಲ್ತಾನರ ಆಸ್ಥಾನದಲ್ಲಿ ಮಾನ್ಯವಾಗಿದ್ದ ಮಾತನ್ನು ಒಬ್ಬ ಬಿ.ಎಡ್. ಪದವೀಧರ ಅಡುಗೆಮನೆಯಲ್ಲಿ ಬಾಯಿ ಮುಚ್ಚಿಸಿದ್ದ.

ಅವರ ಹಾಡಿನ ಮಟ್ಟು ನನಗೆ ಈಗಲೂ ನೆನಪಿದೆ, ಪದಗಳು ನೆನಪಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಬಾರದು. ಅಂದು ತರಗತಿಯಲ್ಲಿ ಆ ಹುಡುಗಿಗೆ ಇದನ್ನೇ ಹೇಳಿದೆ. “ನಿಮ್ಮಜ್ಜಿ ಮಾತಾಡುವುದು ಸರಿಯಾಗಿಯೇ ಇದೆಯಮ್ಮ. ಅವರಿಗೆ ಹಾಡು ಬರುತ್ತದೆಯೇ ಎಂದು ಕೇಳಿ ಬರೆದುಕೊಂಡು ಬಾ” ಎಂದೆ. ಮರುವಾರ ಆಕೆ ನೋಟ್‌ಬುಕ್ಕಿನ ಒಂದು ಹಾಳೆ ತಂದಳು. ಕನ್ನಡ ಲಿಪಿಯಲ್ಲಿ ಬರೆದ ದಖ್ಖನಿ ಲಾಲಿಹಾಡು, ಒಂಬತ್ತು ಸಾಲು. ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದು ಕೋರಿಕೆ. ಚನ್ನಪಟ್ಟಣದ ತಂತಿಯ ಕೆಲಸಗಾರರನ್ನು ನಾವು ಇನ್ನು ಕೇಳಲಾರೆವು. ಆದರೆ ನಿಮ್ಮ ಮನೆಯ ದಾದಿ, ನಾನಿಯರನ್ನು ಇವತ್ತು ಸಂಜೆಯೇ ಕೇಳಬಹುದು. ಮದುವೆಯ ಹಾಡು, ಲಾಲಿಯ ಹಾಡು, ಬೀಸುವ ಹಾಡು ಯಾವುದಾದರೂ ಸರಿ. ಉರ್ದು ಲಿಪಿ ಬಂದರೆ ಅದರಲ್ಲಿ, ಇಲ್ಲವಾದರೆ ಕನ್ನಡದಲ್ಲಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿ. ಹಾಡಿದವರ ಹೆಸರು, ಊರು, ದಿನಾಂಕ ಹಾಕಲು ಮರೆಯಬೇಡಿ. ಸಂಘದ ಹಿರಿಯ ಸದಸ್ಯರು ಮನಸ್ಸು ಮಾಡಿದರೆ ಮುಂದಿನ ಸಂಚಿಕೆಗಳಲ್ಲಿ ಇವಕ್ಕೆಂದು ಎರಡು ಪುಟ ಮೀಸಲಿಡಬಹುದು.

ಸಮಾ ಎಂದರೆ ಕೇಳುವುದು ಎಂದು ಆರಂಭದಲ್ಲಿ ಹೇಳಿದೆ. ಕೇಳುವುದಕ್ಕೆ ಉರುಸು ಬರುವವರೆಗೆ ಕಾಯಬೇಕಾಗಿಲ್ಲ. ಅವರು ಹಾಡುವಾಗ ತಪ್ಪು ಹುಡುಕದೆ ಪಕ್ಕದಲ್ಲಿ ಕುಳಿತರೆ ಸಾಕು. ನಾನು ಕುಳಿತುಕೊಳ್ಳಲಿಲ್ಲ. ನೀವು ಕುಳಿತುಕೊಳ್ಳಿ.